ದಿನಕ್ಕೆ ಎರಡು ನೂಲು

ನೀವು ಇದನ್ನು ನಂಬುವುದಿಲ್ಲ. ಬೇಕಾದರೆ ಈಗಲೇ ಪುಟ ಮಗುಚಿ ಮುಂದಕ್ಕೆ ಹೋಗಿ, ನನಗೇನೂ ಬೇಸರವಿಲ್ಲ. ಜರ್ಮನಿಯ ಒಬ್ಬ ಡಾರ್ಟ್ಸ್ ಆಟಗಾರ, ಟಿವಿಯಲ್ಲಿ ಬರುವಂಥ ಆಟಗಾರ, ಇವತ್ತಿಗೂ ಆಡುತ್ತಿದ್ದರೆ ಅದಕ್ಕೆ ಕಾರಣ ಬಹರೈನಿನ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಮರಕ್ಕೆ ಉಜ್ಜುಗೊರಡು ಹಾಕುವ ಈ ಮುದುಕ. ನಗುವವರು ನಕ್ಕು ಮುಗಿಸಿ, ಆಮೇಲೆ ಓದಿ.

ನಾನು ಉಡುಪಿ ಕಡೆಯ ಆಚಾರಿ. ಕೆಲಸದಲ್ಲಿ ಎಷ್ಟು ಹೆಸರೋ ಕಿತಾಪತಿಯಲ್ಲೂ ಅಷ್ಟೇ ಹೆಸರು. ನಮ್ಮ ಫೋರ್‌ಮನ್ನಿನ ಕುರ್ಚಿಯ ಬಲಗಡೆಯ ಎರಡು ಕಾಲುಗಳನ್ನು ವಾರಕ್ಕೆ ಒಂದೊಂದು ನೂಲು ಕೊಯ್ಯುತ್ತಾ ಬಂದವನು ನಾನೇ. ನೂಲು ಅಂದರೆ ನಮ್ಮ ಕಸುಬಿನ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಪಾಲು. ಆ ಮನುಷ್ಯ ತನ್ನ ಮೈಯೇ ವಾಲುತ್ತಿದೆ ಅಂದುಕೊಂಡು ಕಿವಿ ಡಾಕ್ಟರ ಹತ್ತಿರ ಹೋಗಿ ಬಂದ. ಕುರ್ಚಿಯನ್ನು ಮಾತ್ರ ಒಮ್ಮೆಯೂ ಮಗುಚಿ ನೋಡಲಿಲ್ಲ.

ಒಂದು ಡಿಸೆಂಬರಿನಲ್ಲಿ ನನಗೊಂದು ಫೋನ್ ಬಂತು. ಮಾಡಿದವನು ಉಳ್ಳಾಲದ ಬ್ಯಾರಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವ. ಉಮ್ ಅಲ್ ಹಸ್ಸಮಿನ ಒಂದು ವಿಲ್ಲಾದಲ್ಲಿ ಜರ್ಮನ್ ಮೇಡಮ್ಮಿಗೆ ಡ್ರೈವರ್.

"ಆಚಾರ್ರೆ, ನಮ್ಮ ಮೇಡಮ್ಮಿನ ಅಣ್ಣ ಬಂದಿದ್ದಾರೆ. ಗೋಡೆಗೊಂದು ಬೋರ್ಡ್ ಹಾಕ್ಬೇಕಂತೆ. ಸಣ್ಣ ಬಾಣ ಬಿಸಾಡುವ ಬೋರ್ಡ್."

"ಯುದ್ಧ ಉಂಟಾ ಅವರಿಗೆ ಯಾರ ಹತ್ರವಾದ್ರೂ?"

"ತಮಾಷೆ ಬೇಡ ಮಾರಾಯ್ರೆ. ಪಾಪ, ಅವರ ಕೈ ಹೋಗಿದೆ."

ಕೈ ಹೋಗಿದೆ ಅಂದರೆ ತುಂಡಾಗಿದೆ ಅಂತ ತಿಳಿದು ಹೋದರೆ ಎರಡು ಕೈಯೂ ಗಟ್ಟಿಮುಟ್ಟಾಗಿದ್ದವು. ಕೈ ಕುಲುಕಿದಾಗ ನನ್ನ ಬೆರಳೇ ನೊಂದಿತು. ವಿಷಯ ಏನೆಂದು ಡ್ರೈವರ್ ಅಡುಗೆಮನೆಯಲ್ಲಿ ಚಹಾ ಕೊಟ್ಟು ವಿವರಿಸಿದ.

ಈತ ಮೊದಲು ತನ್ನ ಊರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ. ಸಂಜೆ ಹೊತ್ತು ಕ್ಲಬ್ಬಿನ ನೆಲಮಾಳಿಗೆಯಲ್ಲಿ ಆಡಿ ಆಡಿ ಕೈ ಪಳಗಿ, ಕೆಲಸ ಬಿಟ್ಟು ಇದೇ ಕಸುಬು ಮಾಡಿಕೊಂಡ. ಆ ಕಸುಬಿಗೂ ನಮ್ಮ ವೀಸಾದ ಹಾಗೆ ಒಂದು ಕಾರ್ಡ್ ಉಂಟು, ಎರಡು ವರ್ಷದ್ದು. ಅದಿದ್ದರೆ ಟೂರ್ನಮೆಂಟು, ಇಲ್ಲದಿದ್ದರೆ ಮನೆ. ಎರಡು ಸಲ ಕಾರ್ಡ್ ಗಿಟ್ಟಿಸಿ, ಚಿತ್ರವಿಚಿತ್ರ ವೇಷ ಹಾಕಿಕೊಂಡು ಹಾಡುವ ಸಾವಿರಾರು ಜನರ ಎದುರು ಆಡಿದವನು, ಒಂದು ದಿನ ವೇದಿಕೆಯ ಮೇಲೆ ಕೈ ಎತ್ತಿದರೆ ಡಾರ್ಟ್ ಬೆರಳನ್ನು ಬಿಡಲೇ ಇಲ್ಲ. ನೋವಿಲ್ಲ, ಊತವಿಲ್ಲ, ಬೆರಳು ಬಿಚ್ಚುವುದಿಲ್ಲ ಅಷ್ಟೇ. ಆ ಆಟದವರಿಗೆ ಬರುವ ಕಾಯಿಲೆಯಂತೆ ಅದು. ಹಾಗೆಯೇ ಸೋತು ಸೋತು ಕಾರ್ಡ್ ಹೋಯಿತು. ಜನವರಿಯಲ್ಲಿ ಮತ್ತೆ ಕಾರ್ಡಿಗಾಗಿ ಆಡಬೇಕು. ಈ ಸಲ ಸಿಗದಿದ್ದರೆ ವಾಪಸ್ ಪೋಸ್ಟ್ ಆಫೀಸು. ಅದರ ಅರ್ಜಿ ಆಗಲೇ ಅವನ ಬ್ಯಾಗಿನಲ್ಲಿತ್ತು. ಗುರುತಿನವರು ಯಾರೂ ಇಲ್ಲದ ಕಡೆ ಹನ್ನೆರಡು ದಿನ ಅಭ್ಯಾಸ ಮಾಡೋಣ ಅಂತ ತಂಗಿಯ ಮನೆಗೆ ಬಂದಿದ್ದ.

"ಆದ್ರೆ ಕಣ್ಣು ಕಟ್ಟಿ ನಿಲ್ಲಿಸಿದ್ರೂ ಗೆರೆ ಎಲ್ಲಿ ಉಂಟು ಅಂತ ಹೇಳ್ತಾರೆ ಆಚಾರ್ರೆ, ಅಷ್ಟು ಲೆಕ್ಕ," ಅಂತ ಡ್ರೈವರ್ ಹೊಗಳಿದ.

ನನ್ನೆದುರು ಹಾಗೆಲ್ಲ ಹೊಗಳಬಾರದು. ಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆದು ಅದರ ಮೇಲೆ ಬೋರ್ಡ್ ಕೂರಿಸಿದೆ. ಬೋರ್ಡಿನಿಂದ ನಿಲ್ಲುವ ಗೆರೆಗೆ ಏಳು ಅಡಿ ಒಂಬತ್ತೂಕಾಲು ಇಂಚು ಇರಬೇಕು. ಬಾಡಿಗೆ ಮನೆಯ ನೆಲದ ಟೈಲ್ಸಿಗೆ ಮೊಳೆ ಹೊಡೆಯುವ ಹಾಗಿಲ್ಲ, ಆದ್ದರಿಂದ ಗೆರೆಗೆ ಬದಲು ಒಂದು ತೇಗದ ಪಟ್ಟಿಯನ್ನು ಟೇಪಿನಲ್ಲಿ ನೆಲಕ್ಕೆ ಅಂಟಿಸಬೇಕಿತ್ತು. ನೋಡಿಯೇ ಬಿಡುವ ಅಂತ ಆ ಪಟ್ಟಿಯನ್ನು ಎರಡು ಇಂಚು ಬೋರ್ಡಿನ ಹತ್ತಿರಕ್ಕೆ ಅಂಟಿಸಿದೆ. ಮುಖದಲ್ಲಿ ಒಂದು ಗೆರೆ ಅಲುಗಿಸದೆ "ಫಿನಿಶ್ ಸರ್" ಅಂದೆ.

ಅವನು ಬಂದು ಪಟ್ಟಿಗೆ ಬೂಟು ತಾಗಿಸಿ ನಿಂತ. ಕೆಳಗೆ ನೋಡಿದ, ಹುಬ್ಬು ಗಂಟಿಕ್ಕಿದ. ಕೈ ಎತ್ತಿದ. ತಂಗಿ ಕಿಟಕಿಯ ಕಡೆ ತಿರುಗಿಕೊಂಡಳು, ನೋಡಲಾಗದೆ. ಡಾರ್ಟ್ ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದು ಬೋರ್ಡಿನ ಹೊರಗೆ ಗೋಡೆಗೆ ಬಡಿದು ಬಿತ್ತು, ಆದರೆ ಬೆರಳು ಬಿಚ್ಚಿತ್ತು. ಬೇರೆ ಯಾರದೋ ಕೈ ತನ್ನ ಮೈಗೆ ಅಂಟಿದೆಯೋ ಎಂಬಂತೆ ಅವನು ತನ್ನ ಕೈಯನ್ನೇ ನೋಡಿದ. ತಂಗಿ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಮೂರನೇ ದಿನ ಡ್ರೈವರ್ ಕರೆದ. ಜರ್ಮನ್ ಓಡಲು ಹೋಗಿದ್ದ, ಮೇಡಮ್ ಆಫೀಸಿನಲ್ಲಿ. ಇವನ ಒಂದು ಕೈಯಲ್ಲಿ ಆಟದ ಅಳತೆ ತೋರಿಸುವ ಮೊಬೈಲು, ಇನ್ನೊಂದರಲ್ಲಿ ಅಳೆಯುವ ಟೇಪು.

"ಎರಡು ಇಂಚು ಕಡಿಮೆ ಉಂಟಲ್ಲ ಆಚಾರ್ರೆ! ಎಂಥ ಮಾಡಿಟ್ಟಿದ್ದೀರಿ?"

ನಾನು ಗಟ್ಟಿಯಾಗಿ ನಕ್ಕೆ. "ಗೊತ್ತುಂಟು ಮಾರಾಯ, ನಾನೇ ಇಟ್ಟದ್ದು. ಕಣ್ಣು ಕಟ್ಟಿದ್ರೂ ಗೊತ್ತಾಗ್ತದೆ ಅಂದಿಯಲ್ಲ? ಎಲ್ಲಿ ಗೊತ್ತಾಯ್ತು?"

"ನಗ್ತೀರಲ್ಲ, ನಿಮ್ಗೆ ಮಂಡೆ ಸರಿ ಉಂಟಾ? ಅವ್ರು ಕೈ ಸರಿಯಾಯ್ತು ಅಂತ ಊರಿಗೆಲ್ಲ ಫೋನ್ ಮಾಡಿದ್ದಾರೆ. ಅಲ್ಲಿ ಹೋಗಿ ಸರಿಯಾದ ಗೆರೆಯಲ್ಲಿ ನಿಂತಾಗ ಪುನಃ ಹಿಡ್ಕೊಂಡ್ರೆ?"

ನಗು ಅಲ್ಲಿಗೇ ನಿಂತಿತು. ಅಳತೆ ಬೇರೆಯಾದ ಕಾರಣಕ್ಕೇ ಆ ಕೈ ತನ್ನ ಭಯ ಮರೆತಿರಬಹುದು. ಹೇಳಿದರೆ ಇವತ್ತೇ ಹಿಡಿದುಕೊಳ್ಳಬಹುದು, ಹೇಳದಿದ್ದರೆ ಜನವರಿಯಲ್ಲಿ. ಪಟ್ಟಿಯನ್ನು ಒಮ್ಮೆಲೇ ಹಿಂದಕ್ಕೆ ಸರಿಸಿದರೆ ಕಾಲಿಗೇ ಗೊತ್ತಾಗಿಬಿಡುತ್ತದೆ. ಆಗ ನನಗೆ ಫೋರ್‌ಮನ್ನಿನ ಕುರ್ಚಿ ನೆನಪಾಯಿತು.

"ಎರಡು ಇಂಚು ಅಂದ್ರೆ ಹದಿನಾರು ನೂಲು," ಅಂದೆ. "ದಿನಕ್ಕೆ ಎರಡು ನೂಲು ಹಿಂದೆ ತೆಗೀತೇನೆ. ಎಂಟು ದಿನ ಸಾಕು. ನೀನು ಅವ್ರು ಓಡ್ಲಿಕ್ಕೆ ಹೋದ ಕೂಡ್ಲೇ ಮಿಸ್ಡ್ ಕಾಲ್ ಕೊಡು."

"ಸಿಕ್ಕಿಬಿದ್ರೆ ನನ್ನ ವೀಸಾ ಕ್ಯಾನ್ಸಲ್, ಆಚಾರ್ರೆ."

"ಸಿಕ್ಕಿದ್ರೆ ನನ್ನ ಹೆಸ್ರು ಹೇಳು. ನಾನು ನಮ್ಮ ಫೋರ್‌ಮನ್ನಿನ ಹೆಸ್ರು ಹೇಳ್ತೇನೆ."

ಮರುದಿನದಿಂದ ಬೆಳಿಗ್ಗೆ ಹೂರಾದ ನನ್ನ ರೂಮಿನಿಂದ ಟ್ಯಾಕ್ಸಿ ಹಿಡಿದು ಹೋಗುವುದು, ಟೇಪು ಕಿತ್ತು ಎರಡು ನೂಲು ಸರಿಸಿ ಹೊಸ ಟೇಪು ಅಂಟಿಸುವುದು. ಎರಡನೇ ಬೆಳಿಗ್ಗೆಯೇ ಅವನು ಬೇಗ ವಾಪಸ್ ಬಂದುಬಿಟ್ಟ. ನಾನು ನೆಲದಲ್ಲಿ ಬೋರಲು ಬಿದ್ದಿದ್ದೆ. ಸೊಂಟಕ್ಕೆ ಕೈ ಇಟ್ಟು "ಬ್ಯಾಕ್ ಪೇಯ್ನ್ ಸರ್" ಅಂತ ನರಳಿದೆ. ಆ ಪುಣ್ಯಾತ್ಮ ನನ್ನ ಪಕ್ಕದಲ್ಲೇ ಮಲಗಿ, ಬೆನ್ನಿಗೆ ಯಾವ ವ್ಯಾಯಾಮ ಮಾಡಬೇಕು ಅಂತ ಹತ್ತು ನಿಮಿಷ ಕಲಿಸಿದ. ಡ್ರೈವರ್ ಬಾಗಿಲ ಹತ್ತಿರ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಮರುದಿನದಿಂದ ಜರ್ಮನ್ ಬೇಗ ಬಂದರೂ ಚಿಂತೆ ಇರಲಿಲ್ಲ, ನೆಲದಲ್ಲಿ ಮಲಗಲು ನನಗೆ ಅವನದೇ ಪರ್ಮಿಷನ್ ಇತ್ತು.

ಎಂಟು ನೂಲು ಸರಿದ ದಿನ ಮಧ್ಯಾಹ್ನ ಡ್ರೈವರಿನ ಫೋನು. "ಹಿಡೀತು ಆಚಾರ್ರೆ. ಎರಡು ಸಲ ಹಿಡೀತು. ಸುಮ್ನೆ ಕೂತಿದ್ದಾರೆ, ಊಟವೂ ಇಲ್ಲ."

ಆ ದಿನ ವರ್ಕ್‌ಶಾಪಿನಲ್ಲಿ ಒಂದು ಬಾಗಿಲಿನ ಚೌಕಟ್ಟನ್ನು ತಪ್ಪಾಗಿ ಕೊಯ್ದೆ. ಮರುದಿನ ಪಟ್ಟಿಯನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಮಲಗಿ ಬೆನ್ನಿನ ವ್ಯಾಯಾಮ ಮಾತ್ರ ಮಾಡಿದೆ. ಅವನು ಬಂದು ಎಸೆದ, ಹೋಯಿತು. ಸಂಜೆಯವರೆಗೂ ಹೋಯಿತು ಅಂತ ಡ್ರೈವರ್ ಹೇಳಿದ. ಅದರ ಮರುದಿನ ಮತ್ತೆ ಎರಡು ನೂಲು.

ಹನ್ನೆರಡನೇ ದಿನ ಬೆಳಿಗ್ಗೆ ಕೊನೆಯ ಎರಡು ನೂಲು ಸರಿಸಿದೆ. ಅವನು ಬಂದು ಅರ್ಧ ಗಂಟೆ ಎಸೆದ. ಒಮ್ಮೆಯೂ ಹಿಡಿಯಲಿಲ್ಲ. ಆಮೇಲೆ ನನ್ನ ಸೊಂಟದಲ್ಲಿದ್ದ ಅಳೆಯುವ ಟೇಪಿನ ಕಡೆ ಬೆರಳು ತೋರಿಸಿದ. ಡ್ರೈವರ್ ಬಿಳಚಿಕೊಂಡ. ಜರ್ಮನ್ ಟೇಪಿನ ತುದಿಯನ್ನು ಬೋರ್ಡಿನ ಮುಖಕ್ಕೆ ಹಿಡಿದು, ನನಗೆ ಪಟ್ಟಿಯ ಹತ್ತಿರ ಕೂತು ಓದಲು ಹೇಳಿದ. ಓದಿದೆ. ಏಳು ಅಡಿ ಒಂಬತ್ತೂಕಾಲು. ಅವನೂ ಬಗ್ಗಿ ನೋಡಿ ನನ್ನ ಬೆನ್ನು ತಟ್ಟಿದ. "ಗುಡ್ ವರ್ಕ್," ಅಂದ.

ಜನವರಿಯಲ್ಲಿ ಕೊನೆಯ ದಿನದ ಕೊನೆಯ ಆಟದಲ್ಲಿ ಅವನಿಗೆ ಕಾರ್ಡ್ ಸಿಕ್ಕಿತು. ಅರ್ಜಿ ಹರಿದೆ ಅಂತ ತಂಗಿಗೆ ಮೆಸೇಜ್ ಮಾಡಿದನಂತೆ. ಈಗ ಡ್ರೈವರಿನ ಮೊಬೈಲಿನಲ್ಲಿ ಅವನ ಆಟ ನೋಡುತ್ತೇವೆ. ಹೆಚ್ಚಾಗಿ ಮೊದಲ ಎರಡು ಸುತ್ತಿನಲ್ಲೇ ಸೋಲುತ್ತಾನೆ, ಸೋಲಲಿ. ಡಾರ್ಟ್ ಬೆರಳು ಬಿಡುತ್ತದೆ. ಪಟ್ಟಿಯ ವಿಷಯ ಅವನಿಗೆ ನಾವು ಹೇಳಿಲ್ಲ, ಹೇಳುವುದೂ ಇಲ್ಲ. ತಿಳಿದು ಮತ್ತೆ ಕೈ ಹಿಡಿದರೆ ಯಾರು ಹೊಣೆ?

ಇದರಲ್ಲಿ ಒಂದೇ ಒಂದು ಸುಳ್ಳಿದೆ. ಪಟ್ಟಿಯನ್ನು ನಾನು ಬೇಕೆಂದು ಹತ್ತಿರ ಇಟ್ಟದ್ದಲ್ಲ. ಬೋರ್ಡಿನ ಮುಖದಿಂದ ಅಳೆಯಬೇಕಿತ್ತು, ನಾನು ಗೋಡೆಯಿಂದ ಅಳೆದಿದ್ದೆ. ಬೋರ್ಡಿನ ದಪ್ಪ, ಅದರ ಹಿಂದಿನ ಪ್ಲೈವುಡ್ಡಿನ ದಪ್ಪ ಸೇರಿ ಸರಿಯಾಗಿ ಎರಡು ಇಂಚು. ಡ್ರೈವರ್ ಟೇಪು ಹಿಡಿದು ತೋರಿಸುವವರೆಗೂ ನನಗೆ ಗೊತ್ತೇ ಇರಲಿಲ್ಲ. ಕಿತಾಪತಿ ಮಾಡಿದೆ ಅಂದರೆ ಜನ ನಗುತ್ತಾರೆ. ಈ ಪ್ರಾಯದಲ್ಲಿ ಅಳತೆ ತಪ್ಪಿದೆ ಅಂದರೆ ಆಚಾರಿಗೆ ಕೆಲಸ ಕೊಡುತ್ತಾರೆಯೇ?