ಎರಡನೆಯ ಶಿಖರ

ಮುರಳಿಮೋಹನ್ ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಊರು ಅಂಬಾಜಿದುರ್ಗದ ಬುಡದ ಹಳ್ಳಿ. ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಆಸೆ ಹುಟ್ಟಿ, ರಜೆ ಹಾಕಿ ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದರು.

ಅಲ್ಲಿದ್ದದ್ದು ಎಕ್ಸ್-ರೇ ಕಿರಣಗಳ ಶಕ್ತಿಯನ್ನು ಅಳೆಯುವ ಸಾಧನ. ಸಾಸಿವೆಗಿಂತ ಚಿಕ್ಕ ಲೋಹದ ಚೂರನ್ನು, ಇನ್ನು ತಣ್ಣಗಾಗಲು ಜಾಗವೇ ಇಲ್ಲವೆನ್ನುವಷ್ಟು ತಣ್ಣಗೆ ಇಟ್ಟಿರುತ್ತಾರೆ. ಕಿರಣದ ಒಂದೇ ಒಂದು ಕಣ ಬಡಿದರೂ ಅದು ತುಸು ಬಿಸಿಯಾಗುತ್ತದೆ. ಎಷ್ಟು ಬಿಸಿಯಾಯಿತೆಂದು ನೋಡಿ ಕಣದ ಶಕ್ತಿ ಹೇಳಬಹುದು.

ಒಂದು ಬೆಳಿಗ್ಗೆ, ಯಾವ ಶಕ್ತಿಯ ಕಣಗಳು ಎಷ್ಟು ಬಂದವೆಂದು ತೋರಿಸುವ ಕಂಪ್ಯೂಟರಿನ ನಕ್ಷೆಯಲ್ಲಿ, ಗೊತ್ತಿದ್ದ ಶಿಖರದ ಪಕ್ಕ ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಶಿಖರ ಕಂಡಿತು. ಜೊತೆಗೆ ಕೆಲಸ ಮಾಡುತ್ತಿದ್ದ ಗೌರಿಬಿದನೂರಿನ ಅಕ್ಷಯಾಗೆ ಅನುಮಾನ.

"ಸಾರ್, ಮಧ್ಯದಲ್ಲಿ ಟೆಂಪರೇಚರ್ ಏರುಪೇರಾಗಿರಬಹುದು. ಒಂದ್ಸಲ ಚೆಕ್ ಮಾಡಣ."

"ನೀನು ಸ್ಲೇಟು ಹಿಡಿಯೋ ಕಾಲದಿಂದ ಫಿಸಿಕ್ಸ್ ಪಾಠ ಮಾಡ್ತಿದೀನಮ್ಮ."

ಅಲ್ಲಿದ್ದವರು ನಕ್ಕರು. ಅಕ್ಷಯಾ ತಲೆ ತಗ್ಗಿಸಿದಳು.

ಹೊಸದೇನೋ ಕಂಡುಹಿಡಿದೆನೆಂದು ಮುರಳಿಮೋಹನ್ ಅಂದೇ ಅಪ್ಪ ಮುನಿಶಾಮಪ್ಪನವರಿಗೆ ಫೋನಿನಲ್ಲಿ ಹೇಳಿಬಿಟ್ಟರು. ಭಾನುವಾರ ಊರಿಗೆ ಹೋದರೆ ಬಸ್‌ಸ್ಟಾಪಿನಲ್ಲಿ ಅವರದೇ ಫೋಟೋ ಇದ್ದ ಬ್ಯಾನರ್. ಹಾಲಿನ ಡೇರಿ ಮುಂದೆ ಶಾಲು ಹೊದಿಸಿ ಪೇಟ ತೊಡಿಸಿದರು. ಅವರು ಬೇಡವೆನ್ನಲಿಲ್ಲ.

ಸೋಮವಾರ ಅಕ್ಷಯಾ ಅವರ ಮೇಜಿನ ಮೇಲೆ ಎರಡು ನಕ್ಷೆ ತಂದಿಟ್ಟಳು. ಅಳತೆಯ ಮೊದಲರ್ಧದ್ದೊಂದು, ಉಳಿದರ್ಧದ್ದೊಂದು. ಎರಡರಲ್ಲೂ ಒಂದೊಂದೇ ಶಿಖರ, ಆದರೆ ಬೇರೆ ಬೇರೆ ಜಾಗದಲ್ಲಿ. ನಡುವೆ ಸಾಧನ ಕೊಂಚ ಬೆಚ್ಚಗಾಗಿ, ಅದೇ ಕಿರಣವನ್ನು ಕಡಿಮೆಯಾಗಿ ಅಳೆದಿತ್ತು. ಕೂಡಿಸಿ ನೋಡಿದ್ದರಿಂದ ಒಂದು ಎರಡಾಗಿ ಕಂಡಿತ್ತು.

ತಪ್ಪಿಗಿಂತ ಹೆಚ್ಚಾಗಿ, ಅಂದು ಎಲ್ಲರೂ ಅಕ್ಷಯಾಳನ್ನು ನೋಡಿ ನಕ್ಕಿದ್ದು ನೆನಪಾಗಿ ಮುರಳಿಮೋಹನರ ಮೈ ಹಿಡಿಯಾಯಿತು. ಮಧ್ಯಾಹ್ನದ ಸಭೆಯಲ್ಲಿ, ನಕ್ಕವರೆದುರೇ ಎದ್ದು ನಿಂತು, "ಅಕ್ಷಯಾ ಹೇಳಿದ್ದೇ ಸರಿ. ನಾನು ಹಾಗೆ ಮಾತಾಡಬಾರದಿತ್ತು" ಎಂದರು. ಈ ಸಲ ಯಾರೂ ನಗಲಿಲ್ಲ.

ಮರುದಿನ ಊರಿಗೆ ಬಂದು, ಬ್ಯಾನರ್ ಕಟ್ಟಿಸಿದ್ದ ಕೋನಪ್ಪನಿಗೆ ಹೇಳಿದರು: "ಬಿಚ್ಚಿಸಿಬಿಡಪ್ಪ. ನಾನು ಹೇಳಿದ್ದು ತಪ್ಪಾಗಿತ್ತು."

"ಇರ್ಲಿ ಬಿಡಣ್ಣ, ಫೋಟೋ ಚೆನ್ನಾಗೈತೆ. ಇಲ್ಲಿ ಯಾರಿಗ್ ಗೊತ್ತಾಗತ್ತೆ?"

ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಟೀ ಅಂಗಡಿಯಿಂದ ಸ್ಟೂಲು ತಂದು, ಬಸ್ಸಿಗೆ ಕಾದಿದ್ದವರ ಕಣ್ಣೆದುರೇ ತಾವೇ ಹಗ್ಗ ಬಿಚ್ಚಿದರು.

ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಮುನಿಶಾಮಪ್ಪ ಒಂದೇ ಮಾತು ಕೇಳಿದರು.

"ಆ ಹುಡುಗಿಗೇನಂದೆ?"

"ಎಲ್ಲರ ಮುಂದೆ ತಪ್ಪಾಯ್ತು ಅಂದೆ."

"ಸರಿ. ಕೈ ತೊಳ್ಕೊ, ಊಟ ಮಾಡು."

ಮುರಳಿಮೋಹನ್ ಈಗಲೂ ಅಲ್ಲೇ ಅಳೆಯುತ್ತಿದ್ದಾರೆ. ಅಕ್ಷಯಾ ಅವರೊಂದಿಗೆ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತಾಳೆ. ಆದರೆ ಅವರ ಕೆಲಸದಲ್ಲಿ ತಪ್ಪು ಕಂಡರೆ ಎದುರಿಗೆ ಹೇಳುವುದಿಲ್ಲ, ಪಕ್ಕದ ಮೇಜಿನಿಂದಲೇ ಮೇಲ್ ಕಳಿಸುತ್ತಾಳೆ.