ಮುದ್ದೆ ಕಟ್ಟಿದ ಕೈ

ನಾನು ನರ್ಸ್ ತರಬೇತಿ ಪಡೆದ ಕಡೆ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಊಟಕ್ಕೆ ಕೂರಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಹಾಸಿಗೆಯ ಬಟ್ಟೆಯ ಮೂಲೆಯನ್ನು ಲಕೋಟೆಯಂತೆ ಮಡಿಸದಿದ್ದರೆ ನಮಗೆ ಕಲಿಸುತ್ತಿದ್ದವರು ಇಡೀ ಹಾಸಿಗೆಯನ್ನು ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಅದರ ಬಗ್ಗೆ ನನಗೆ ದೂರಿಲ್ಲ. ಇಂದಿಗೂ ನಮ್ಮ ಮನೆಯ ಹಾಸಿಗೆಗಳ ಮೂಲೆಗಳು ಹಾಗೆಯೇ ಇರುತ್ತವೆ. ಆದರೆ ಹೊಸದೊಂದನ್ನು ಯೋಚಿಸಿ ಮಾಡುವುದೂ ನನ್ನ ಕೆಲಸಕ್ಕೆ ಸೇರಿದ್ದು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಅದೆಲ್ಲ ಚಿತ್ರ ಬರೆಯುವವರ, ಹಾಡು ಕಟ್ಟುವವರ ಬಾಬತ್ತು ಎಂದುಕೊಂಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿನ್ನದ ಗಣಿಯ ಊರಾದ ಉರಿಗಾಂನ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನನಗೆ ಕೆಲಸ. ಅಲ್ಲಿಗೆ ಬೂದಿಕೋಟೆ ಕಡೆಯ ಒಬ್ಬ ಕೆಲಸಗಾರ ಬಂದ. ಗಣಿಯೊಳಗೆ ಮೇಲಿನ ಬಂಡೆ ಇಳಿಯದಂತೆ ಮರದ ಕಂಬ ಕೊಟ್ಟು ನಿಲ್ಲಿಸುವವನು ಆತ. ಅಂಥ ಕಂಬವೊಂದು ಜಾರಿ ಬಲಗೈ ಮೇಲೆ ಬಿದ್ದಿತ್ತು. ಮೂಳೆಗಳು ಕೂಡಿಕೊಂಡವು, ಹಾಕಿದ್ದ ಪ್ಲಾಸ್ಟರ್ ಕಟ್ಟನ್ನು ಬಿಚ್ಚಿದರು. ಒಳಗಿನ ಕೈ ನೋಡಿದರೆ ಬೆರಳುಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ನಿಂತಿದ್ದವು. ಮಡಿಸು ಎಂದರೆ ಮುಖ ಕಿವುಚಿಕೊಳ್ಳುತ್ತಿತ್ತೇ ಹೊರತು ಬೆರಳು ಅಲುಗುತ್ತಿರಲಿಲ್ಲ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಒಳಗೆ ಎಲ್ಲ ಸರಿಯಾಗಿದೆ, ಕೈಯನ್ನು ಪಳಗಿಸಬೇಕು ಅಷ್ಟೆ. ಒಂದು ತಿಂಗಳು ಬಿಟ್ಟು ತಮ್ಮ ಎರಡು ಬೆರಳನ್ನು ಆತನ ಅಂಗೈಯಲ್ಲಿಡುತ್ತಾರೆ. ಆತ ಅವನ್ನು ಬಿಗಿಯಾಗಿ ಹಿಡಿದರೆ ಕೆಲಸಕ್ಕೆ ಕಳಿಸುತ್ತಾರೆ. ಹಿಡಿಯಲಾಗದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಲಸ ಹೋದರೆ ಗಣಿಯವರು ಕೊಟ್ಟ ಲೈನ್ ಮನೆ ಹೋಗುತ್ತದೆ, ಮನೆಯಲ್ಲಿ ಹೆಂಡತಿ ಮತ್ತು ಎರಡು ಹೆಣ್ಣುಮಕ್ಕಳು ಇದ್ದಾರೆ. ಇದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಪಳಗಿಸಲು ಕೊಟ್ಟದ್ದು ಒಂದು ರಬ್ಬರ್ ಚೆಂಡು. ದಿನಕ್ಕೆ ಮೂರು ಹೊತ್ತು ಅದನ್ನು ಅಮುಕಬೇಕು. ನಾನು ಹೊತ್ತಿಗೆ ಸರಿಯಾಗಿ ಹೋಗಿ ಮುಂದೆ ನಿಲ್ಲುತ್ತಿದ್ದೆ. ನಾನಿರುವಷ್ಟು ಹೊತ್ತು ಚೆಂಡು ಅಂಗೈಯಲ್ಲಿರುತ್ತಿತ್ತು. ನಾನು ತಿರುಗಿದ ಕೂಡಲೇ ಮಂಚದ ಕೆಳಗೆ ಉರುಳುತ್ತಿತ್ತು.

"ಚೆಂಡಾಟ ಆಡೋಕೆ ನಾನೇನ್ ಮಗಾನಾ, ಸಿಸ್ಟರಮ್ಮ?"

"ಆಟ ಅಲ್ಲ ಇದು, ಔಷಧಿ."

"ನೋಯೋದು ನಂಗೆ ಗೊತ್ತು. ನೀವ್ ಬೇಕಾದ್ರೆ ಅಮುಕ್ಕಳಿ."

ಪಕ್ಕದ ಮಂಚದಲ್ಲಿ ಕೆಮ್ಮಿಗೆ ಬಂದಿದ್ದ ವಯಸ್ಸಾದ ತಮಿಳರೊಬ್ಬರಿದ್ದರು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಕೊರತೆಯಿಲ್ಲ. "ಬಿಡಮ್ಮಾ, ನಮ್ಮ ತಂಬಿ ಆಡೋದು ಫುಟ್‌ಬಾಲ್ ತಾನ್. ಅದಕ್ಕೇ ಒದ್ದು ಒದ್ದು ಕೆಳಗೆ ಕಳಿಸ್ತಾನೆ," ಎನ್ನುತ್ತಿದ್ದರು.

ಹೀಗೇ ತಿಂಗಳಲ್ಲಿ ಅರ್ಧ ಕಳೆಯಿತು. ಬೆರಳುಗಳು ಇದ್ದಂತೆಯೇ ಇದ್ದವು. ಗದರಿದೆ, ಬೇಡಿಕೊಂಡೆ, ಮೂರು ಹೊತ್ತನ್ನು ನಾಲ್ಕು ಮಾಡಿದೆ. ನನಗೆ ಗೊತ್ತಿದ್ದದ್ದು ಅಷ್ಟೆ: ಒಂದು ಪದ್ಧತಿ ಫಲ ಕೊಡದಿದ್ದರೆ ಅದನ್ನೇ ಇನ್ನಷ್ಟು ಕಟ್ಟುನಿಟ್ಟಾಗಿ ಮಾಡುವುದು.

ಆತನ ಹೆಂಡತಿ ದಿನವೂ ಮಧ್ಯಾಹ್ನ ಲೈನ್ ಮನೆಯಿಂದ ಡಬ್ಬಿಯಲ್ಲಿ ರಾಗಿ ಮುದ್ದೆ, ಸಾರು ತರುತ್ತಿದ್ದಳು. ಬಲಗೈ ಬಾರದು, ಎಡಗೈಯಲ್ಲಿ ಉಣ್ಣಲು ಆತ ಒಪ್ಪುವುದಿಲ್ಲ, ಚಮಚ ಕೊಟ್ಟರೆ ಮುದ್ದೆಗೆ ಚಮಚವೇ ಎಂದು ನಗುತ್ತಾನೆ. ಹಾಗಾಗಿ ಅವಳೇ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಆತ ಗೋಡೆಯ ಕಡೆ ತಿರುಗಿ ಕೂತು ನುಂಗುತ್ತಿದ್ದ.

ಒಂದು ದಿನ ಅವಳು ನೀರು ತರಲು ಎದ್ದು ಹೋದಾಗ ನಾನು ಎದುರಿನ ಮಂಚದ ಬಳಿ ಇದ್ದೆ. ಆತ ತಾನೇ ಒಂದು ತುತ್ತು ಮುರಿಯಲು ಹೋದ. ಮುರಿಯಲಾಗಲಿಲ್ಲ. ಆದರೆ ಬೆರಳುಗಳು ಮುದ್ದೆಯೊಳಗೆ ಹೂತುಕೊಂಡವು, ಆತ ಅವನ್ನು ಹೊರಗೆ ತೆಗೆಯಲಿಲ್ಲ. ಉಗುರುಬೆಚ್ಚಗಿನ ಮುದ್ದೆ, ಹಿತವಾಗಿದ್ದಿರಬೇಕು. ಕಣ್ಣು ಮುಚ್ಚಿ ಕೂತಿದ್ದ. ನಾನು ನೋಡಿದ್ದು ಬೆರಳ ಗೆಣ್ಣುಗಳನ್ನು. ಚೆಂಡಿನ ಮೇಲೆ ಎಂದೂ ಬಾಗದಿದ್ದ ಅವು ಅಲ್ಲಿ ಸ್ವಲ್ಪ ಬಾಗಿದ್ದವು.

ನಾನು ಹುಟ್ಟಿದಾಗಿನಿಂದ ಮುದ್ದೆ ತಿಂದವಳು. ಮುದ್ದೆ ಬೆಚ್ಚಗಿರುತ್ತದೆ, ಒತ್ತಿದರೆ ಬಗ್ಗುತ್ತದೆ, ಚೆಂಡಿನ ಹಾಗೆ ಹಿಂದಕ್ಕೆ ತಳ್ಳುವುದಿಲ್ಲ. ಇವನ್ನೆಲ್ಲ ಕೈ ಬಲ್ಲದು, ತಲೆ ಎಂದೂ ಯೋಚಿಸಿರಲಿಲ್ಲ. ಹೆಂಡತಿ ವಾಪಸು ಬಂದಾಗ ಕೇಳಿಯೇಬಿಟ್ಟೆ: ನಾಳೆಯಿಂದ ಒಂದು ಮುದ್ದೆ ಹೆಚ್ಚು ತರುತ್ತೀಯಾ, ಇವನ ಕೈಗೆ ಹಿಸುಕಲು?

ಅವಳು ಡಬ್ಬಿ ಮುಚ್ಚಿದಳು. "ಕಣ್ಗೊತ್ಕೊಂಡು ತಿನ್ನೋದನ್ನ ಇಸ್ಕಿ ಬಿಸಾಕಾದಾ? ಆಗಲ್ಲ ಕಣಮ್ಮ. ಬೇರೆ ಏನಾನ ಏಳು."

ಅವಳು ಹೇಳಿದ್ದು ಸರಿ. ನಮ್ಮ ಮನೆಯಲ್ಲೂ ಮುದ್ದೆಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಸ್ವಲ್ಪ ಯೋಚಿಸಿ ಹೇಳಿದೆ: "ಬಿಸಾಕೋದು ಬೇಡ. ಹೆಚ್ಚಿಗೆ ತರೋದೂ ಬೇಡ. ಉಣ್ಣೋ ಮುದ್ದೇನೇ ಕೈ ತೊಳೆದು ಮಿದೀಲಿ. ಮಿದ್ದಾದ ಮೇಲೆ ಅದನ್ನೇ ಉಣ್ಣಲಿ."

"ನಾನ್ ಅಷ್ಟೊತ್ತು ಇಸ್ಕಿದ್ದನ್ನ ನಾನೇ ತಿನ್ಬೇಕಾ?" ಎಂದ ಆತ.

"ಇನ್ಯಾರ್ ತಿಂತಾರೆ, ಡಾಕ್ಟ್ರಾ?" ಎಂದಳು ಹೆಂಡತಿ.

ಇನ್ನು ಹಿರಿಯ ಸಿಸ್ಟರ್ ಒಪ್ಪಬೇಕಿತ್ತು. ವಾರ್ಡಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಕಂಡರೂ ಸಹಿಸದವರು ಅವರು. ನಾನು ಬರಿಗೈಯಲ್ಲಿ ಹೋಗಲಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಕೈ ತೊಳೆಸುವುದು, ಎದುರಿಗೆ ಟ್ರೇ, ಮಡಿಲಿಗೆ ಒಗೆದ ಬಟ್ಟೆ, ಆಮೇಲೆ ಮತ್ತೆ ಕೈ ತೊಳೆಸುವುದು ಎಂದು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆಡ್‌ಶೀಟಿನ ಮೇಲೆ ಒಂದು ಚೂರು ಬಿದ್ದರೂ ನಿಲ್ಲಿಸು," ಎಂದರು. ನನಗೆ ಕಲಿಸಿದ್ದ ಶಿಸ್ತು ಆ ದಿನ ಈ ಹೊಸ ಉಪಾಯಕ್ಕೆ ಜಾಮೀನು ನಿಂತಿತು.

ಮೊದಲ ದಿನ ಕೆಟ್ಟಿತು. ಮುದ್ದೆ ಬೇಗ ಆರಿ ಬಿರುಸಾಯಿತು, ಆತ ಟ್ರೇಯನ್ನು ದೂರ ತಳ್ಳಿದ. ಮಾರನೆಯ ದಿನ ಡಬ್ಬಿಯನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟೆ. ಕಾವು ಉಳಿಯಿತು, ಮುದ್ದೆಯೂ ಮೆತ್ತಗೆ ಉಳಿಯಿತು. ಆತ ಬೈಯುತ್ತಲೇ ಒತ್ತಿದ. ನೋಯುತ್ತದೆ ಎನ್ನುತ್ತಿದ್ದ, ಆದರೆ ಹಸಿವಾಗಿತ್ತು; ಮಿದಿಯದೆ ಊಟವಿಲ್ಲ ಎಂದು ಹೆಂಡತಿ ಸಾರಿನ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತಿದ್ದಳು.

"ಏನ್ ತಂಬಿ, ಗಣಿ ಬಿಟ್ಟು ಓಟ್ಲು ಇಡ್ತೀಯಾ?" ಎಂದರು ಪಕ್ಕದ ಹಿರಿಯರು.

"ಇಟ್ರೆ ನಿನ್ನೇ ತಟ್ಟೆ ತೊಳೆಯೋಕ್ ಇಟ್ಕಂತೀನಿ, ತಾತ."

ಚೆಂಡು ಹಿಡಿದಿದ್ದ ದಿನಗಳಲ್ಲಿ ಹಿರಿಯರ ಕೀಟಲೆಗೆ ಆತ ಒಮ್ಮೆಯೂ ತಮಾಷೆಯಿಂದ ಉತ್ತರಿಸಿರಲಿಲ್ಲ. ಈ ಮಾತು ಕೇಳಿ ನನಗೆ ಮೊದಲ ಸಲ ಸ್ವಲ್ಪ ಹಗುರವಾಯಿತು.

ಒಂದು ಉಪಾಯ ಹೊಳೆದ ಮೇಲೆ ಅದರ ಮಕ್ಕಳು ತಾವೇ ಬಂದವು. ಇಡೀ ಮುದ್ದೆಯನ್ನು ಅಮುಕುವುದು ಸುಲಭವಾದಾಗ ಅದನ್ನು ಮುರಿದು ಎರಡು ಮಾಡಿಸಿದೆ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗೋಲಿಗಾತ್ರದ ಉಂಡೆ ಹೊರಳಿಸಿ ಸಾರಿಗೆ ಹಾಕಲು ಹೇಳಿದೆ. ಮೊದಲಿನವು ಹುಣಸೆಬೀಜದ ಹಾಗೆ ಸೊಟ್ಟಗಿದ್ದವು. ದಿನ ಕಳೆದಂತೆ ದುಂಡಗಾದವು. ಗೋಲಿಗಳನ್ನು ಅಗಿಯಬೇಕಾಗಿಲ್ಲ, ಜಾರಿಸಿ ನುಂಗಬಹುದು ಎಂದು ಕಂಡುಕೊಂಡ ಪಕ್ಕದ ಹಿರಿಯರು ತಮ್ಮ ತಟ್ಟೆ ಚಾಚತೊಡಗಿದರು. ಅವರ ಪಾಲಿನದನ್ನೂ ಮಿದಿಯಬೇಕಾಗಿ ಬಂದು ಆತನ ಕೆಲಸ ಎರಡರಷ್ಟಾಯಿತು. ಅದನ್ನು ನಾನು ಯೋಚಿಸಿರಲಿಲ್ಲ, ಆದರೆ ತಡೆಯಲೂ ಇಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿ ಬೇಗನೇ ಬಂದು ವಾರ್ಡಿನ ಬಾಗಿಲಲ್ಲಿ ನಿಂತಳು. ನಾನು ತಾಪಮಾನ ನೋಡುವುದು, ಮಾತ್ರೆ ಕೊಡುವುದು ಎಲ್ಲವನ್ನೂ ಎಂದಿನಂತೆ ಮುಗಿಸಿದೆ. ಕೈಗಳು ಕೆಲಸ ಮಾಡುತ್ತಿದ್ದವು, ತಲೆ ಮಾತ್ರ ಒಂದೇ ಲೆಕ್ಕ ಹಾಕುತ್ತಿತ್ತು. ಮುದ್ದೆ ಮೆತ್ತಗಿನದು, ಡಾಕ್ಟರ ಬೆರಳು ಮೂಳೆ ಇರುವಂಥದ್ದು. ಮೆತ್ತಗಿನದನ್ನು ಹಿಡಿಯಲು ಕಲಿತ ಕೈ ಗಟ್ಟಿಯಾದದ್ದನ್ನು ಹಿಡಿದೀತೇ ಎಂದು ನನಗೆ ನಿಜವಾಗಿ ಗೊತ್ತಿರಲಿಲ್ಲ.

ಡಾಕ್ಟರು ಬಂದು ಎರಡು ಬೆರಳು ಚಾಚಿದರು. "ಹಿಡಿ."

ಆತ ಹಿಡಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೊಣಕೈ ಕೆಳಗಿನ ನರ ಎದ್ದಿತು, ಬೆರಳುಗಳು ಒಂದೊಂದಾಗಿ ಸುತ್ತಿಕೊಂಡವು. ಡಾಕ್ಟರು ಕೈ ಎಳೆದುಕೊಳ್ಳಲು ನೋಡಿದರು. ಬರಲಿಲ್ಲ.

"ಸಾಕು, ಬಿಡಪ್ಪ. ನಾಳೆ ಇದೇ ಕೈಯಲ್ಲಿ ನಾನು ಆಪರೇಷನ್ ಮಾಡಬೇಕು," ಎಂದರು ಅವರು. "ಕೆಲಸಕ್ಕೆ ಹೋಗಬಹುದು. ಮೊದಲ ವಾರ ಭಾರ ಎತ್ತಬೇಡ."

ಆತ ಕೈ ಬಿಟ್ಟು ಅದನ್ನೇ ತಿರುಗಿಸಿ ನೋಡಿಕೊಂಡ, ಬೇರೆ ಯಾರದ್ದೋ ಕೈ ಎಂಬಂತೆ. ಬಾಗಿಲಲ್ಲಿದ್ದ ಹೆಂಡತಿಗೆ ಮಾತು ಕೇಳಿಸಿರಲಿಲ್ಲ. "ಏನಂತೆ?" ಎಂದು ನನ್ನನ್ನು ಕೇಳಿದಳು. ನೀನೇ ಹೇಳು ಎಂದು ಆತನ ಕಡೆ ಕೈ ತೋರಿಸಿದೆ. ಡ್ಯೂಟಿಯಲ್ಲಿರುವ ಸಿಸ್ಟರ್ ರೋಗಿಯ ಮಂಚದ ಮೇಲೆ ಕೂರಬಾರದು. ನಾನು ಕೂತೆ, ನಾನೇ ಮಡಿಸಿದ್ದ ಮೂಲೆಯ ಮೇಲೆ.

"ಕೂತ್ಕಳಮ್ಮ, ಕೂತ್ಕ," ಎಂದು ಆತ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಸೋಮವಾರ ಓಗ್ತೀನಿ ಕಣೇ, ಕೆಲ್ಸಕ್ಕೆ."

ಹಿರಿಯ ಸಿಸ್ಟರ್ ವಾರ್ಡಿನ ಆ ತುದಿಯಿಂದ ನನ್ನನ್ನು ನೋಡಿದರು. ಆಮೇಲೆ ಔಷಧಿಯ ಬೀರುವಿನ ಕಡೆ ತಿರುಗಿಕೊಂಡರು. ನಾನು ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದೆ.