ಹೊತ್ತಿಕೊಳ್ಳದ ಗ್ಯಾಸು

ತಲ್ಲೂರಿನ ಚಂದ್ರಮತಿಯವರು ಮದುವೆಯಾಗಿ ಬಂದ ವರ್ಷವೇ ಗಂಡನ ಮನೆಯ ದನದ ಹಟ್ಟಿಯ ಹಿಂದೆ ಗೋಬರ್ ಗ್ಯಾಸಿನ ಗುಂಡಿ ಆಯಿತು. ಕಟ್ಟಿದವರು ಸೋಮ ಮೇಸ್ತ್ರಿ. ಹಟ್ಟಿ ತೊಳೆದ ನೀರು ಪೋಲಾಗದಿರಲೆಂದು ಚರಂಡಿಯನ್ನು ನೇರ ಗುಂಡಿಗೇ ಬಿಟ್ಟಿದ್ದರು. ಬೆಳಿಗ್ಗೆ ಎದ್ದು ಸೆಗಣಿಯನ್ನು ಕೈಯಲ್ಲೇ ಕಲಸಿ, ಹುಲ್ಲುಕಡ್ಡಿ ಹೆಕ್ಕಿ ತೆಗೆದು ಗುಂಡಿಗೆ ಬಿಡುವುದು ಚಂದ್ರಮತಿಯವರ ಮೊದಲ ಕೆಲಸ. ಕಾಫಿ ಆಮೇಲೆ. ಸುತ್ತಲಿನ ಮನೆಗಳಲ್ಲಿ ದನ ಕಟ್ಟುವುದು ನಿಂತು ಗುಂಡಿಗಳ ಮೇಲೆ ಬಳ್ಳಿ ಹಬ್ಬಿದರೂ ಇವರ ಒಲೆಯಲ್ಲಿ ನೀಲಿ ಬೆಂಕಿ ಉರಿಯುತ್ತಲೇ ಇತ್ತು.

ಸೆಗಣಿಯಿಂದ ಏಳುವ ಮೀಥೇನ್ ಉರಿಯದೆ ಹಾಗೇ ಗಾಳಿಗೆ ಹೋದರೆ ಭೂಮಿ ಹೆಚ್ಚು ಬಿಸಿಯಾಗುತ್ತದೆಂದು ಕೃಷಿ ಶಿಬಿರದಲ್ಲಿ ಕೇಳಿ ಬಂದ ದಿನ ಗಂಡ ಪ್ರೇಮಾನಂದರಿಗೆ ಹೇಳಿದ್ದರು: "ಕಂಡ್ರ್ಯಾ, ನಾನ್ ದೋಸೆ ಹೊಯ್ದ್ರೂ ಊರಿಗ್ ಉಪಕಾರವೇ."

"ಹಾಂಗಾರೆ ಇನ್ನೆರಡ್ ಹೊಯ್, ಊರ್ ತಂಪಾಯ್ಲಿ."

ಚರ್ಮಗಂಟು ರೋಗ ಬಂದು ಎರಡು ದನಗಳಲ್ಲಿ ಒಂದು ಸತ್ತಿತು. ಇನ್ನೊಂದಾದರೂ ಉಳಿಯಲಿ ಎಂದು ಚಂದ್ರಮತಿ ದಿನವೂ ಫಿನಾಯಿಲ್ ಸುರಿದು ಹಟ್ಟಿ ತೊಳೆದರು. ದನ ಉಳಿಯಿತು. ಫಿನಾಯಿಲ್ ಚರಂಡಿ ಹಿಡಿದು ಗುಂಡಿಗಿಳಿದು ಉರಿಯುವ ಗ್ಯಾಸು ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ಬಹುಪಾಲು ಕೊಂದಿತು. ಒಲೆ ಆರಿತು.

ಸೋಮ ಮೇಸ್ತ್ರಿ ಬಂದು ಚರಂಡಿಯನ್ನು ಆಚೆ ತಿರುಗಿಸಿದರು. "ಒಂದ್ ದನದ ಸೆಗ್ಣಿ ಹಾಕಿರೆ ಇದ್ ಸರಿ ಆಪ್ದಲ್ಲ ಚಂದ್ರಕ್ಕ. ಒಳಗಿಳ್ದ್ ಪೂರಾ ಖಾಲಿ ಮಾಡ್ಕ್. ನನ್ ಕೈಯಂಗ್ ಆತಿಲ್ಲೆ. ಈಗಿನವ್ರ್ ಯಾರ್ ಇಳೀತ್ರ್? ಉಸ್ರ್ ಕಟ್ಟಿ ಸಾಯುಕಾ?"

ಹೆದ್ದಾರಿ ಬದಿಯಲ್ಲಿ ದೊಡ್ಡ ಹಟ್ಟಿ ಇಟ್ಟುಕೊಂಡಿರುವ ಯೋಗೀಶನಲ್ಲಿ ಗುಂಡಿಗಿಳಿಯುವ ಆಳು ಕೇಳಲು ಚಂದ್ರಮತಿ ಹೋದರು.

"ಹಾಲ್ ಕರುಕೇ ಜನ ಇಲ್ಲೆ ಚಂದ್ರಕ್ಕ. ಸಿಲಿಂಡರ್ ತಕಣಿ ಮರ್ರೆ, ಎಂತಕೆ ಈ ಉಪದ್ರ?"

ಅವನ ಹಿಂದೆ ಸೆಗಣಿ ನೀರಿನ ತೆರೆದ ಹೊಂಡ ಗುಳುಗುಳು ಎನ್ನುತ್ತಿತ್ತು.

"ಇದ್ರ ಗ್ಯಾಸ್ ಎಲ್ಲಿಗ್ ಹೋತ್ತ್ ಯೋಗೀಶ?"

"ಎಲ್ಲಿಗ್ ಹೋಪುದ್? ಗಾಳಿಗೆ!" ಅವನು ನಕ್ಕ.

ಚಂದ್ರಮತಿ ಹೊಂಡವನ್ನೇ ನೋಡುತ್ತ ನಿಂತರು. ಅದರ ಮುಂದೆ ತಮ್ಮ ಒಲೆ ಎಷ್ಟರದು ಎನಿಸಿತೋ ಏನೋ, ತಿರುಗಿ ಮನೆಗೆ ಬಂದರು.

ಈಗ ಅಡುಗೆ ಸಿಲಿಂಡರಿನಲ್ಲಿ. ಆದರೂ ಬೆಳಿಗ್ಗೆ ಸೆಗಣಿ ಕಲಸಿ ಗುಂಡಿಗೆ ಬಿಡುವುದು ನಿಂತಿಲ್ಲ. ಹಳೆಯ ಒಲೆಯ ಕಿವಿ ತಿರುಗಿಸಿ ಕಡ್ಡಿ ಗೀರುತ್ತಾರೆ. ಸುಯ್ ಎಂದು ಗ್ಯಾಸು ಬರುತ್ತದೆ, ಆದರೆ ಅದರಲ್ಲಿ ಉರಿಯುವಷ್ಟು ಮೀಥೇನ್ ಇಲ್ಲ, ಬೆಂಕಿ ಹಿಡಿಯುವುದಿಲ್ಲ.

"ಬಂದ್ ಮಾಡ್ ಮಾರಾಯ್ತಿ, ವಾಸ್ನಿ," ಎನ್ನುತ್ತಾರೆ ಪ್ರೇಮಾನಂದ.

ಬಂದ್ ಮಾಡುತ್ತಾರೆ. ಹಟ್ಟಿಯ ಹಿಂದೆ, ಗುಂಡಿಯಿಂದ ಗೊಬ್ಬರ ಹೊರಬರುವ ಬಾಯಿಯಲ್ಲಿ, ಗುಳ್ಳೆ ಎದ್ದು ಒಡೆದು ಗಾಳಿಗೆ ಸೇರುತ್ತಲೇ ಇರುತ್ತದೆ.